ಅಜ್ಜನ ಬೆಡಿ ಲಂಡನ್ನಿನದೇ? ನಳಿಗೆಯ ಅಡಿಯಲ್ಲಿ ಬರೆದಿದೆ

ಪ್ರಶ್ನೆ: ನಮ್ಮದು ಬದಿಯಡ್ಕ ಹತ್ತಿರ ಅಡಿಕೆ ಕೃಷಿಯ ಮನೆ. ಅಜ್ಜನ ಕಾಲದ ಜೋಡುನಳಿಗೆ ಬೆಡಿ, ಅಂದರೆ ಕೋವಿ, ಒಂದಿದೆ. ಹೊರಗಡೆ ಎರಡು ಕುದುರೆ (ಈಡು ಹಾರಿಸಲು ಬಡಿಯುವ ಕೊಕ್ಕೆ) ಇರುವ ಹಳೆಯ ಮಾದರಿ. ಅಜ್ಜನ ನಂತರ ದೊಡ್ಡಪ್ಪನ ಹೆಸರಿನಲ್ಲಿ ಲೈಸೆನ್ಸ್ ಇತ್ತು. ದೊಡ್ಡಪ್ಪ ಹೋದ ವರ್ಷ ತೀರಿಕೊಂಡರು. ಈಗ ಬೆಡಿ ಲೈಸೆನ್ಸ್ ಇರುವ ಅಂಗಡಿಯಲ್ಲಿ ಠೇವಣಿ ಇದೆ. ಅಲ್ಲೇ ಬಿಚ್ಚಿಸಿ ಫೋಟೊ ತೆಗೆದು ಕಳಿಸಿದ್ದೇನೆ. ನಳಿಗೆ ಮೇಲೆ ‘ಪಿ. ಓರ್ ಅಂಡ್ ಸನ್ಸ್, ಮದ್ರಾಸ್’ ಎಂದೂ ‘ಲಂಡನ್ ಫೈನ್ ಟ್ವಿಸ್ಟ್’ ಎಂದೂ ಇದೆ. ಇದು ಲಂಡನ್ನಿನ ಬೆಡಿ, 1930ರ ಹೊತ್ತಿಗೆ ಮಂಗಳೂರಿನ ಕಲೆಕ್ಟರ್ ದೊರೆ ಅಜ್ಜನಿಗೆ ಹೊಸತೇ ತರಿಸಿ ಕೊಟ್ಟದ್ದು ಎಂದು ಮನೆಯಲ್ಲಿ ಹೇಳುತ್ತಾರೆ. ನಿಜವೇ? ತೋಟಕ್ಕೆ ಹಂದಿ ಕಾಟ ಜಾಸ್ತಿ. ಇದರಲ್ಲಿ ಈಡು ಹೊಡೆಯಬಹುದೇ? ನಳಿಗೆಗೆ ಪಾಲಿಶ್ ಮಾಡಿಸಬಹುದೇ?

ಉತ್ತರ: ಮೊದಲು ಒಂದು ಮಾತು. ಬೆಡಿಯನ್ನು ಅಂಗಡಿಯಲ್ಲಿ ಠೇವಣಿ ಇಟ್ಟು, ಅಲ್ಲೇ ಬಿಚ್ಚಿಸಿ ನೋಡಿದ್ದೀರಿ. ಇದು ನನಗೆ ತುಂಬ ಸಮಾಧಾನ ಕೊಟ್ಟಿತು. ಎಷ್ಟೋ ಮನೆಗಳಲ್ಲಿ ಯಜಮಾನರು ತೀರಿಕೊಂಡ ಮೇಲೆ ಬೆಡಿ ವರ್ಷಗಟ್ಟಲೆ ಅಟ್ಟದ ಮೇಲೇ ಇರುತ್ತದೆ. ಅದು ಕಾನೂನಿಗೂ ತಪ್ಪು, ಜೀವಕ್ಕೂ ಅಪಾಯ. ಹಳೆಯ ಕಾಗದದ ತೋಟೆ (ಕಾಡತೂಸು) ಮಳೆಗಾಲದ ತಂಡಿಗೆ ಉಬ್ಬಿ ನಳಿಗೆಯ ಬುಡದಲ್ಲಿ ಕಚ್ಚಿಕೊಂಡು ಕೂತಿರುವುದನ್ನು ನಾನೇ ಎರಡು ಸಲ ಕಂಡಿದ್ದೇನೆ. ಎರಡು ಕಡೆಯೂ ಮನೆಯವರು ‘ಅದು ಖಾಲಿ ಬೆಡಿ’ ಎಂದೇ ನಂಬಿದ್ದರು. ಅದಕ್ಕೇ ಯಾವ ಹಳೆಯ ಬೆಡಿ ಕೈಗೆ ಬಂದರೂ ಮೊದಲು ಬಾಯಿಯನ್ನು ಯಾರೂ ಇಲ್ಲದ ಕಡೆಗೆ ಹಿಡಿಯಬೇಕು. ಬಗ್ಗಿಸಿ ತೆರೆದು ಎರಡೂ ನಳಿಗೆಯ ಬುಡ ನೋಡಬೇಕು. ಮಾತು ಆಮೇಲೆ.

ಈಗ ಲಂಡನ್ನಿನ ವಿಷಯ. ಎರಡು ನಳಿಗೆಗಳ ನಡುವೆ ಮೇಲಿರುವ ಕಬ್ಬಿಣದ ಪಟ್ಟಿಯಲ್ಲಿನ ‘ಲಂಡನ್ ಫೈನ್ ಟ್ವಿಸ್ಟ್’ ಎಂಬ ಮಾತು ಊರಿನ ಹೆಸರಂತೆ ಕಾಣುತ್ತದೆ, ಅಲ್ವಾ? ಆದರೆ ಅದು ನಳಿಗೆಯ ಕಬ್ಬಿಣದ ಜಾತಿಯ ಹೆಸರು. ನಮ್ಮಲ್ಲಿ ಬಟ್ಟೆಗೋ ಅಕ್ಕಿಗೋ ಒಂದು ಊರಿನ ಹೆಸರು ಅಂಟಿಕೊಳ್ಳುತ್ತದೆ, ಮಾಲು ಎಲ್ಲಿ ಬೇಕಾದರೂ ಆಗಿರಬಹುದು. ಇದೂ ಹಾಗೆಯೇ. ಬರ್ಮಿಂಗ್‌ಹ್ಯಾಮಿನಲ್ಲಿ ಮಾಡಿದ ಬೆಡಿಗಳ ಮೇಲೂ, ಬೆಲ್ಜಿಯಂನ ಲಿಯೇಜ್ ಊರಿನ ಅಗ್ಗದ ಬೆಡಿಗಳ ಮೇಲೂ ಈ ಮಾತನ್ನು ಧಾರಾಳವಾಗಿ ಬರೆಯುತ್ತಿದ್ದರು. ನಿಮ್ಮ ಮನೆಯ ‘ಲಂಡನ್ ಬೆಡಿ’ ಕತೆ ಹುಟ್ಟಿದ್ದು ಇಲ್ಲಿಂದಲೇ ಇರಬೇಕು.

ಪಿ. ಓರ್ ಅಂಡ್ ಸನ್ಸ್ ಮದ್ರಾಸಿನ ಮೌಂಟ್ ರೋಡಿನ ದೊಡ್ಡ ಅಂಗಡಿ. ಗಡಿಯಾರ, ಬೆಳ್ಳಿ ಸಾಮಾನು, ಒಡವೆಗೆ ಹೆಸರಾದದ್ದು. ಬೆಡಿಯನ್ನೂ ಮಾರುತ್ತಿದ್ದರು. ನಮ್ಮ ಕಾಸರಗೋಡು ಆಗ ಮದ್ರಾಸ್ ಪ್ರಾಂತ್ಯದ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ ತಾಲೂಕು. ಹಾಗಾಗಿ ಒಳ್ಳೆಯ ಬೆಡಿ ಮದ್ರಾಸಿನ ಅಂಗಡಿಯಿಂದ ಬರುವುದು ಸಹಜ. ಆದರೆ ಇಂಥ ಅಂಗಡಿಗಳು ಇಂಗ್ಲೆಂಡಿನಿಂದ ತಯಾರಾದ ಬೆಡಿ ತರಿಸಿ ಅದರ ಮೇಲೆ ತಮ್ಮ ಹೆಸರು ಕೆತ್ತಿಸುತ್ತಿದ್ದವು. ಮೇಲಿನ ಹೆಸರು ಮಾರಿದವರದ್ದು. ಮಾಡಿದ ಊರು ಗೊತ್ತಾಗಬೇಕಾದರೆ ಬೆಡಿಯನ್ನು ಮಗುಚಿ ಹಾಕಬೇಕು.

ನಳಿಗೆಗಳನ್ನು ಬಿಡಿಸಿ ತಿರುಗಿಸಿದರೆ ಬುಡದಲ್ಲಿ ಎರಡು ಚಪ್ಪಟೆ ಜಾಗಗಳಿರುತ್ತವೆ. ಬೆಡಿ ಮುಚ್ಚಿದಾಗ ಅವು ಕಬ್ಬಿಣದೊಳಗೆ ಅಡಗಿರುತ್ತವೆ. ಆದ್ದರಿಂದ ಅಲ್ಲಿನ ಮುದ್ರೆಗಳು ನೂರು ವರ್ಷ ಆದರೂ ಸವೆಯುವುದಿಲ್ಲ. ಇವು ಪ್ರೂಫ್ ಮುದ್ರೆಗಳು. ಬ್ರಿಟನ್ನಿನಲ್ಲಿ ಯಾವ ಬೆಡಿಯನ್ನೂ ಸರಕಾರ ಒಪ್ಪಿದ ಪ್ರೂಫ್ ಹೌಸಿನಲ್ಲಿ ಪರೀಕ್ಷೆ ಮಾಡಿಸದೆ ಮಾರುವಂತಿರಲಿಲ್ಲ. ಮಾಮೂಲಿಗಿಂತ ಜಾಸ್ತಿ ಮದ್ದು ತುಂಬಿ ಹೊಡೆದು ನೋಡುತ್ತಾರೆ. ತಡೆದುಕೊಂಡರೆ ಮುದ್ರೆ. ಇಂಗ್ಲೆಂಡಿನಲ್ಲಿ ಇಂಥ ಮನೆಗಳು ಎರಡೇ. ಒಂದು ಲಂಡನ್ನಿನಲ್ಲಿ, ಇನ್ನೊಂದು ಬರ್ಮಿಂಗ್‌ಹ್ಯಾಮಿನಲ್ಲಿ. ಬರ್ಮಿಂಗ್‌ಹ್ಯಾಮಿನದ್ದು 1813ರ ಕಾಯ್ದೆಯಿಂದ ಆದದ್ದು.

ನಿಮ್ಮ ನಾಲ್ಕನೇ ಫೋಟೊ ನೋಡಿ ನನಗೆ ನಿಜವಾಗಿ ಖುಷಿಯಾಯಿತು. ಅಷ್ಟು ಸ್ಪಷ್ಟವಾಗಿದೆ. ಕಿರೀಟ, ಅದರ ಕೆಳಗೆ ಒಂದರ ಮೇಲೊಂದು ಅಡ್ಡ ಇಟ್ಟ ಎರಡು ರಾಜದಂಡ, ಸುತ್ತ ಬಿ, ಸಿ, ಪಿ ಅಕ್ಷರಗಳು. ಪಕ್ಕದಲ್ಲಿ ಅದೇ ರೀತಿಯದ್ದು, ‘ವಿ’ ಅಕ್ಷರದೊಂದಿಗೆ. ಇವು ಬರ್ಮಿಂಗ್‌ಹ್ಯಾಮಿನ ಹಳೆಯ ಮುದ್ರೆಗಳು. 1904ರಲ್ಲಿ ಇವನ್ನು ಬಿಟ್ಟು ಕಿರೀಟದ ಕೆಳಗೆ ಬರೀ ‘ಬಿಪಿ’, ‘ಬಿವಿ’ ಎಂದು ಹಾಕಲು ಶುರು ಮಾಡಿದರು. ಅಂದರೆ ನಿಮ್ಮ ಬೆಡಿ 1904ಕ್ಕಿಂತ ಈಚಿನದಾಗಿರಲು ಸಾಧ್ಯವಿಲ್ಲ.

ಇನ್ನು ಇನ್ನೊಂದು ತುದಿ. ಅದೇ ಫೋಟೊದಲ್ಲಿ ಶಂಕರಪೋಳಿ ಆಕಾರದ ಚೌಕದೊಳಗೆ ‘12’, ಕೆಳಗೆ ‘ಸಿ’ ಇದೆ. ಈ ಗುರುತು 1887ರ ನಿಯಮಗಳಿಂದ ಬಂದದ್ದು. ಎಡ ನಳಿಗೆಯಲ್ಲಿ ‘ಚೋಕ್’ (ಬಾಯಿಯ ಹತ್ತಿರ ಕಿರಿದಾದದ್ದು) ಎಂಬ ಪದವೂ ಇದೆ. ಅದಕ್ಕೂ ಹಿಂದಿನದಾಗಿದ್ದರೆ, ಅಂದರೆ 1875 ಮತ್ತು 1887ರ ನಡುವಿನದಾಗಿದ್ದರೆ, ಅಲ್ಲಿ ‘ನಾಟ್ ಫಾರ್ ಬಾಲ್’ (ಒಂಟಿ ಗುಂಡಿಗಲ್ಲ) ಎಂದು ಇರುತ್ತಿತ್ತು. ಹಾಗಾಗಿ ನಿಮ್ಮ ಬೆಡಿ 1887ರಿಂದ 1904ರ ಒಳಗೆ ಬರ್ಮಿಂಗ್‌ಹ್ಯಾಮಿನಲ್ಲಿ ಪರೀಕ್ಷೆಯಾದದ್ದು. ಇದನ್ನು ನಾನು ಧೈರ್ಯವಾಗಿ ಹೇಳಬಲ್ಲೆ. ಬೆಡಿಯ ಉಳಿದ ರೂಪವೂ ಇದಕ್ಕೆ ಹೊಂದುತ್ತದೆ. ಕುದುರೆಗಳು ಬಿದ್ದ ಮೇಲೆ ತಾವಾಗಿಯೇ ಸ್ವಲ್ಪ ಹಿಂದೆ ಸರಿದು ನಿಂತಿವೆ. ಈ ಏರ್ಪಾಟು 1867ರ ನಂತರದ್ದು. 1875ರಲ್ಲಿ ಆನ್ಸನ್ ಮತ್ತು ಡೀಲಿ ಎಂಬವರು ಕುದುರೆಯನ್ನು ಒಳಗೇ ಅಡಗಿಸುವ ಮಾದರಿ ತಂದರು. ಆದರೂ ಹೊರಕುದುರೆಯ ಬೆಡಿ ಎಷ್ಟೋ ವರ್ಷ ನಡೆಯಿತು. ನಮ್ಮಂಥ ಊರುಗಳಲ್ಲಿ ಅದಕ್ಕೇ ಬೇಡಿಕೆ ಜಾಸ್ತಿ ಇತ್ತು. ಕುದುರೆ ಎತ್ತಿದೆಯೋ ಇಳಿದಿದೆಯೋ ಎಂಬುದು ಕತ್ತಲಲ್ಲೂ ಬೆರಳಿಗೆ ಗೊತ್ತಾಗುತ್ತದಲ್ಲ.

ಬೆಲ್ಜಿಯಂನದ್ದಾಗಿದ್ದರೆ ಮೊಟ್ಟೆಯಾಕಾರದ ಗೆರೆಯೊಳಗೆ ‘ಇಎಲ್‌ಜಿ’ ಅಕ್ಷರಗಳಿರುತ್ತಿದ್ದವು, 1893ರ ನಂತರದ್ದಾದರೆ ಅದರ ಮೇಲೆ ಕಿರೀಟವೂ. ನಮ್ಮ ಕಡೆ ಇಂಗ್ಲಿಷ್ ಹೆಸರು ಹೊತ್ತ ಲಿಯೇಜ್ ಬೆಡಿಗಳು ಬೇಕಾದಷ್ಟಿವೆ. ಹೆಸರಾಂತ ಕಂಪನಿಯ ಹೆಸರಿಗೆ ಒಂದಕ್ಷರ ಆಚೀಚೆ ಮಾಡಿ ಕೆತ್ತಿರುತ್ತಾರೆ. ಇದನ್ನು ಓದುತ್ತಿರುವ ಬೇರೆಯವರಿಗೂ ಒಂದು ಸುಲಭದ ಸುಳಿವು: ‘ವೆಬ್ಲಿ ಅಂಡ್ ಸ್ಕಾಟ್’ ಎಂದಿರುವ ಬೆಡಿ 1897ಕ್ಕಿಂತ ಹಿಂದಿನದಾಗಿರಲಾರದು. ಆ ಎರಡು ಕಂಪನಿಗಳು ಒಂದಾದದ್ದೇ ಆ ವರ್ಷ.

ಕಲೆಕ್ಟರ್ ದೊರೆಯ ಕತೆಗೆ ಬರೋಣ. ಬೆಡಿ ಹುಟ್ಟಿದ್ದು ತಡ ಎಂದರೆ 1904ರಲ್ಲಿ. 1930ರಲ್ಲಿ ‘ಹೊಸತು’ ಎಂಬ ಮಾತು ಅಲ್ಲಿಗೇ ಬಿದ್ದುಹೋಗುತ್ತದೆ. ಅಜ್ಜನ ಕೈಗೆ ಬರುವಾಗಲೇ ಅದು ಕಡಿಮೆಯೆಂದರೂ 25 ವರ್ಷ ಬಾಳಿತ್ತು. ಆದರೆ ಊರು ಬಿಟ್ಟು ಹೋಗುವ ಅಧಿಕಾರಿ ತನ್ನ ಹಳೆಯ ಬೆಡಿಯನ್ನು ಪರಿಚಯದವರಿಗೆ ಕೊಟ್ಟು ಹೋಗುವುದು ಆ ಕಾಲದಲ್ಲಿ ಇತ್ತು. ಕತೆಯನ್ನು ಪೂರ್ತಿ ತಳ್ಳಿಹಾಕಬೇಡಿ. ಅದರ ಗುಟ್ಟು ಕಬ್ಬಿಣದಲ್ಲಿ ಸಿಗುವುದಿಲ್ಲ, ಕಾಗದದಲ್ಲಿ ಸಿಗುತ್ತದೆ. ಹಳೆಯ ಲೈಸೆನ್ಸ್ ಪುಸ್ತಕಗಳನ್ನು ಹುಡುಕಿ. 1956ರ ನವೆಂಬರ್ 1ರ ತನಕದ್ದು ದಕ್ಷಿಣ ಕನ್ನಡ ಜಿಲ್ಲೆಯ ಹೆಸರಿನಲ್ಲಿ, ಮಂಗಳೂರಿನ ಮುದ್ರೆಯೊಂದಿಗೆ ಇರುತ್ತದೆ. ಆಮೇಲೆ ನಾವು ಕೇರಳಕ್ಕೆ ಸೇರಿದೆವು, ಕಾಗದ ಕಣ್ಣೂರಿಗೆ ಹೋಯಿತು. 1984ರ ಮೇ 24ರಂದು ಕಾಸರಗೋಡು ಜಿಲ್ಲೆಯಾದ ಮೇಲೆ ಇಲ್ಲಿಗೆ ಬಂತು. ಒಂದೇ ಬೆಡಿಯ ಹಿಂದೆ ಮೂರು ಕಚೇರಿಗಳ ಮುದ್ರೆ. ಹಳೆಯ ಪೆಟ್ಟಿಗೆಯಲ್ಲಿ ಆಧಾರಪತ್ರ, ತೀರ್ವೆ ರಸೀದಿಗಳ ಜೊತೆ ಆ ಪುಸ್ತಕ ಸಿಕ್ಕರೆ ಬೆಡಿಯ ನಂಬರನ್ನು ಅದರೊಂದಿಗೆ ಹೋಲಿಸಿ. ಹಿಂದಿನ ಮಾಲೀಕರ ಹೆಸರು ಬರೆದಿರುವುದೂ ಉಂಟು. ಗಡಿ ಬದಲಾದಾಗ ನಮ್ಮ ಮನೆಗಳ ಎಷ್ಟೋ ಕಾಗದ ಚದುರಿಹೋಯಿತು. ಸಿಕ್ಕಿದ್ದನ್ನು ಒರಲೆ ಹಿಡಿಯುವ ಮೊದಲು ಜೋಪಾನ ಮಾಡಿ.

ಇನ್ನು ನಿಮ್ಮ ಮುಖ್ಯ ಪ್ರಶ್ನೆ, ಈಡು ಹೊಡೆಯಬಹುದೇ ಎಂದು. ಬೇಡ. ದಯವಿಟ್ಟು ಬೇಡ. ಯಾಕೆ ಎಂದು ಸ್ವಲ್ಪ ವಿವರವಾಗಿ ಹೇಳುತ್ತೇನೆ. ಸುಮ್ನೆ ಬೇಡ ಎಂದರೆ ಯಾರೂ ಕೇಳುವುದಿಲ್ಲ ಎಂದು ನನಗೆ ಗೊತ್ತು.

ನಳಿಗೆ ಮೇಲೆ ಕಂದು ಬಣ್ಣದ ಸುರುಳಿ ಸುರುಳಿ ಗೆರೆ ಕಾಣುತ್ತದೆ, ಅಲ್ವಾ? ಇದು ಹೊಸೆದು ಮಾಡಿದ ನಳಿಗೆ. ಕಬ್ಬಿಣ ಮತ್ತು ಉಕ್ಕಿನ ಪಟ್ಟಿಗಳನ್ನು ತೆಂಗಿನ ನಾರಿನ ಹಗ್ಗ ಹೊಸೆದ ಹಾಗೆ ಸೇರಿಸುತ್ತಿದ್ದರು. ಅದನ್ನು ಒಂದು ಸರಳಿನ ಸುತ್ತ ಸುತ್ತಿ, ಕೆಂಪಗೆ ಕಾಸಿ, ಬಡಿದು ಬೆಸೆಯುತ್ತಿದ್ದರು. ಹೀಗೆ ಮಾಡಿದ ನಳಿಗೆಗಳಲ್ಲಿ ಮೇಲ್ದರ್ಜೆಯದ್ದನ್ನು ಡಮಾಸ್ಕಸ್ ಎನ್ನುತ್ತಾರೆ. ನಿಮ್ಮದು ಅದಕ್ಕಿಂತ ಸಾದಾ ಹೊಸೆತ. ಬರೀ ಬಣ್ಣದಲ್ಲಿ ಬರೆದ ನಕಲಿ ಗೆರೆಯೂ ಇರುತ್ತದೆ. ಆದರೆ ನಿಮ್ಮ ಬೆಡಿಯಲ್ಲಿ ಎಡಗೈ ಹಿಡಿಯುವ ಮರದ ಅಡಿಯಲ್ಲೂ, ತುಕ್ಕು ತಿಂದ ಜಾಗದಲ್ಲೂ ಗೆರೆ ಹಾಗೇ ಮುಂದುವರಿದಿದೆ. ಇದು ಅಸಲಿ. ಕೈಕೆಲಸ ಎಂದು ನೋಡಿದರೆ ಎಷ್ಟು ಚಂದ! ಒಂದೊಂದು ಗೆರೆಯೂ ಒಬ್ಬ ಕಮ್ಮಾರನ ಸುತ್ತಿಗೆಯ ಲೆಕ್ಕ.

ತೊಂದರೆ ಇರುವುದು ಬೆಸುಗೆಯಲ್ಲಿ. ಇಂಥ ನಳಿಗೆಯಲ್ಲಿ ಬುಡದಿಂದ ಬಾಯಿಯ ತನಕ ಬೆಸುಗೆಯೇ ಬೆಸುಗೆ. ಬೆಸುಗೆಯ ಸಂದಿನಲ್ಲಿ ಒಂದಿಷ್ಟು ಕಿಟ್ಟ ಉಳಿದಿದ್ದರೆ ಅಲ್ಲಿ ತುಕ್ಕು ಒಳಗೊಳಗೇ ಹೋಗುತ್ತದೆ. ಹೊರಗೆ ಕಣ್ಣಿಗೆ ಬೀಳುವುದಿಲ್ಲ. ನಿಮ್ಮ ಆರನೇ ಫೋಟೊದಲ್ಲಿ, ಬಲ ನಳಿಗೆಯಲ್ಲಿ ತೋಟೆ ಕೂರುವ ಜಾಗದ ಸ್ವಲ್ಪ ಮುಂದೆ, ಸಿಡುಬಿನ ಕಲೆಯ ಹಾಗೆ ಗುಳಿಗಳಿವೆ. ಹಳೆಯ ಕಾಲದ ಕೇಪಿನಿಂದ (ಮದ್ದಿಗೆ ಕಿಡಿ ಹೊತ್ತಿಸುವ ಬಿಲ್ಲೆ) ಉಳಿಯುವ ಉಪ್ಪು ಗಾಳಿಯ ತೇವವನ್ನು ಹೀರುತ್ತದೆ. ನಮ್ಮ ಕರಾವಳಿಯ ಗಾಳಿಯಲ್ಲಿ ಕೇಳಬೇಕೇ? ಈಡು ಹೊಡೆದ ದಿನವೇ ತೊಳೆಯದೆ ಬಿಟ್ಟರೆ ಬೆಳಗಾಗುವಾಗ ತುಕ್ಕು. ಈ ಗುಳಿಗಳು ಇರುವುದು ಒತ್ತಡ ಅತಿ ಜಾಸ್ತಿ ಬರುವ ಜಾಗದಲ್ಲಿ. ಅಂದರೆ ಈಡು ಹೊಡೆಯುವವನ ಎಡಗೈಗೆ ತೀರ ಹತ್ತಿರ.

ಎರಡನೇ ಕಾರಣ ಮದ್ದು. ನಿಮ್ಮ ಬೆಡಿ ಪರೀಕ್ಷೆಯಾದದ್ದು ಕರಿಮದ್ದಿಗೆ. ಈಗಿನ ಹೊಗೆಯಿಲ್ಲದ ಮದ್ದಿಗೆ ಪರೀಕ್ಷೆಯಾಗಿದ್ದರೆ ‘ನೈಟ್ರೊ’ ಪದವೋ ಕಿರೀಟದ ಕೆಳಗೆ ‘ಎನ್‌ಪಿ’ ಅಕ್ಷರವೋ ಇರಬೇಕಿತ್ತು. ಎಲ್ಲ ಫೋಟೊಗಳಲ್ಲಿ ಹುಡುಕಿದೆ. ಇಲ್ಲ.

ಮೂರನೆಯದ್ದು ತೋಟೆಯ ಉದ್ದ. ಇದರಲ್ಲೇ ಜಾಸ್ತಿ ಜನ ಮೋಸಹೋಗುವುದು. ಆ ಕಾಲದ ಇಂಗ್ಲಿಷ್ 12 ಬೋರಿನ (ಬೋರ್ ಎಂದರೆ ನಳಿಗೆಯ ಒಳಗಾತ್ರದ ಅಳತೆ) ಬೆಡಿಯಲ್ಲಿ ತೋಟೆ ಕೂರುವ ಜಾಗ ಸಾಮಾನ್ಯವಾಗಿ ಎರಡೂವರೆ ಇಂಚು, ಅಂದರೆ ಸುಮಾರು 65 ಮಿಲಿಮೀಟರ್. ಈಗ 70 ಮಿಲಿಮೀಟರಿನ ತೋಟೆಯೂ ಸಿಗುತ್ತದೆ. ಹಾಕಿ ನೋಡಿದರೆ ಸರಾಗವಾಗಿ ಕೂರುತ್ತದೆ. ಯಾಕೆಂದರೆ ಪೆಟ್ಟಿಗೆ ಮೇಲೆ ಬರೆದಿರುವ ಅಳತೆ ಈಡು ಹಾರಿದ ಮೇಲಿನ ಉದ್ದ. ಮೊದಲು ತೋಟೆಯ ಬಾಯಿ ಮಡಚಿಕೊಂಡಿರುತ್ತದೆ. ಹಾರುವಾಗ ಆ ಮಡಿಕೆ ಬಿಚ್ಚಿ ನಳಿಗೆಯ ಇಕ್ಕಟ್ಟಿನ ಜಾಗಕ್ಕೆ ನುಗ್ಗುತ್ತದೆ. ಚರೆ ಹೋಗುವ ದಾರಿ ಸಣ್ಣದಾಗಿ ಒತ್ತಡ ಏರುತ್ತದೆ. ‘ತೋಟೆ ಹಿಡಿಯಿತು, ಹಾಗಾದರೆ ಸರಿ’ ಎಂಬ ಲೆಕ್ಕ ತಪ್ಪು.

ಇನ್ನೂ ಒಂದು ಇದೆ. ನಮ್ಮ ಕಡೆ ಹಂದಿಗೆ ಒಂಟಿ ಗುಂಡು ಹಾಕುವ ರೂಢಿ. ನಿಮ್ಮ ಎಡ ನಳಿಗೆಯಲ್ಲಿ ‘ಚೋಕ್’ ಇದೆ. ಅಂದರೆ ಬಾಯಿಯ ಹತ್ತಿರ ನಳಿಗೆ ಕಿರಿದಾಗುತ್ತದೆ. ಬೋರಿಗೆ ಸರಿಯಾದ ಗುಂಡು ಅಲ್ಲಿ ಸಿಕ್ಕಿಬಿದ್ದರೆ ನಳಿಗೆಯ ತುದಿ ಉಬ್ಬುತ್ತದೆ, ಇಲ್ಲವೇ ಸೀಳುತ್ತದೆ.

‘ಮರಕ್ಕೆ ಕಟ್ಟಿ, ಟ್ರಿಗ್ಗರಿಗೆ ಹಗ್ಗ ಕಟ್ಟಿ ದೂರದಿಂದ ಎಳೆದು ನೋಡುತ್ತೇವೆ’ ಎಂದು ಯಾರಾದರೂ ಹೇಳಿಯಾರು. ಆ ಪರೀಕ್ಷೆಗೆ ಬೆಲೆಯಿಲ್ಲ. ಒಂದು ಈಡು ತಡೆದ ನಳಿಗೆ ಆ ಈಡಿನಿಂದಲೇ ಒಳಗೆ ಬಿರುಕು ಬಿಟ್ಟಿರಬಹುದು. ಎರಡನೆಯದು ನಿಮ್ಮ ಕೈಯಲ್ಲಿರುವಾಗ ಹೋಗುತ್ತದೆ. ಪ್ರೂಫ್ ಹೌಸಿನಲ್ಲಿ ಒತ್ತಡ ಗೊತ್ತಿರುವ ಮದ್ದು ಹಾಕುತ್ತಾರೆ. ಹೊಡೆದ ಮೇಲೆ ಕೂಡಾ ನಳಿಗೆಯನ್ನು ತಪಾಸಣೆ ಮಾಡುತ್ತಾರೆ.

ಹಾಗಾದರೆ ಬೆಡಿಯ ಸ್ಥಿತಿ ಹೇಗಿದೆ ಎಂದು ತಿಳಿಯುವುದು ಹೇಗೆ? ಅಂಗಡಿಯವರ ಎದುರೇ ಕೆಲವು ಪರೀಕ್ಷೆ ಮಾಡಿಸಿ. ನಳಿಗೆಗಳನ್ನು ಬಿಡಿಸಿ, ಕೆಳಗಿನ ಕೊಕ್ಕೆಗೆ ದಾರ ಹಾಕಿ ತೂಗುಬಿಡಿ. ಬೆರಳ ಗೆಣ್ಣಿನಿಂದ ಮೆಲ್ಲಗೆ ತಟ್ಟಿ. ಕಂಚಿನ ಗಂಟೆಯ ಹಾಗೆ ನಾದ ಎಳೆದರೆ ನಳಿಗೆಗಳ ನಡುವಿನ ಬೆಸುಗೆ ಗಟ್ಟಿ. ಒಡೆದ ಮಡಕೆ ತಟ್ಟಿದ ಹಾಗೆ ಕೇಳಿದರೆ ಅಥವಾ ಗುಂಯ್ ಎಂದು ಅದುರಿದರೆ ಎಲ್ಲೋ ಪಟ್ಟಿ ಬಿಟ್ಟಿದೆ. ಆಮೇಲೆ ನಳಿಗೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ಒಳಗೆ ನೋಡಿ, ನಿಧಾನ ತಿರುಗಿಸಿ. ಒಳಗೆ ಬೆಳಕಿನ ಉಂಗುರ ಎಲ್ಲಿಯಾದರೂ ಮುರಿದು ಕಂಡರೆ ಅಲ್ಲಿ ತಗ್ಗೋ ಉಬ್ಬೋ ಇದೆ. ಉಬ್ಬು ಇದ್ದರೆ ಕೆಟ್ಟದ್ದು. ಹಿಂದೆ ಯಾವಾಗಲೋ ನಳಿಗೆಯೊಳಗೆ ಮಣ್ಣೋ ಚಿಂದಿಯೋ ಇದ್ದಾಗ ಈಡು ಹೊಡೆದಿದ್ದಾರೆ ಎಂದೇ ಅರ್ಥ.

ಅಳತೆಯೂ ಬೇಕು. ಒಂದು ಪೌಂಡು ಸೀಸದಲ್ಲಿ ಒಂದೇ ಗಾತ್ರದ 12 ಗುಂಡು ಮಾಡಿದರೆ ಆ ಗುಂಡು ಸರಿಯಾಗಿ ಹೋಗುವ ನಳಿಗೆ 12 ಬೋರ್. ಒಳವ್ಯಾಸ 0.729 ಇಂಚು. ನಿಮ್ಮ ನಳಿಗೆಯಲ್ಲಿ ‘13/1’ ಎಂದು ಹೊಡೆದಿದೆ. ಅಂದರೆ ಪರೀಕ್ಷೆಯ ದಿನ ಅದು 0.719 ಇಂಚು ಇತ್ತು. ಬುಡದಿಂದ 9 ಇಂಚು ಒಳಗೆ ಅಳೆಸಿ. ಈಗ 0.729 ಅಥವಾ ಅದಕ್ಕಿಂತ ಜಾಸ್ತಿ ಬಂದರೆ ಯಾರೋ ಗುಳಿ ತೆಗೆಯಲು ಒಳಗೆ ಉಜ್ಜಿದ್ದಾರೆ. ಆಗ ಹಳೆಯ ಮುದ್ರೆಗೆ ಬೆಲೆಯಿಲ್ಲ. ಗೋಡೆಯ ದಪ್ಪವೂ ಮುಖ್ಯ. ಅತಿ ತೆಳುವಾದ ಕಡೆಯೂ ಇಂಚಿನ ಸಾವಿರದಲ್ಲಿ 20 ಭಾಗ, ಅಂದರೆ ಅರ್ಧ ಮಿಲಿಮೀಟರ್ ಇರಬೇಕು ಎಂದು ಇಂಗ್ಲೆಂಡಿನ ಕೆಲಸಗಾರರು ಹೇಳುತ್ತಾರೆ. ಹೆಚ್ಚುಕಡಿಮೆ ಎರಡು ಪೋಸ್ಟ್‌ಕಾರ್ಡ್ ಒಟ್ಟಿಗೆ ಇಟ್ಟಷ್ಟು ದಪ್ಪ. ಅಷ್ಟರಲ್ಲೇ ಜೀವ ನಿಂತಿರುತ್ತದೆ.

ಉಳಿದದ್ದು ಬೇಗ ಹೇಳುತ್ತೇನೆ. ಮೇಲಿನ ಲೀವರ್ ಹೊಸತರಲ್ಲಿ ನಡುವಿನಿಂದ ಬಲಕ್ಕೆ ನಿಲ್ಲುತ್ತದೆ. ನಿಮ್ಮದು ಸ್ವಲ್ಪ ಎಡಕ್ಕೆ ಬಂದಿದೆ. ಬೆಡಿ ಚೆನ್ನಾಗಿ ದುಡಿದಿದೆ. ಎಡಗೈ ಮರ ತೆಗೆದು, ಬೆಡಿ ಮುಚ್ಚಿ, ಅಲುಗಾಡಿಸಿ ನೋಡಿ. ನಳಿಗೆಯ ಬುಡಕ್ಕೂ ಹಿಂದಿನ ಗೋಡೆಗೂ ನಡುವೆ ಬೆಳಕು ಕಾಣಬಾರದು. ಕುದುರೆಯನ್ನು ಪೂರ್ತಿ ಎತ್ತಿ ಹೆಬ್ಬೆರಳಿನಿಂದ ಮುಂದಕ್ಕೆ ಒತ್ತಿದರೆ ಜಾರಬಾರದು. ಆದರೆ ಖಾಲಿ ಬೆಡಿಯ ಕುದುರೆಯನ್ನು ಟಪ್ ಎಂದು ಬಿಡಬೇಡಿ, ಹಳೆಯ ಕಬ್ಬಿಣ ಮುರಿಯುತ್ತದೆ. ಹಿಂದಿನ ಮರ ಬದಲಾಗಿದೆ. ಮುಂದಿನ ತುಂಡು ಅಕ್ರೋಟು, ಹಿಂದಿನದು ನನ್ನ ಕಣ್ಣಿಗೆ ತೇಗ. ನಮ್ಮೂರಿನ ಯಾರೋ ಆಚಾರಿಯ ಕೆಲಸ. ಕಬ್ಬಿಣಕ್ಕೂ ಮರಕ್ಕೂ ನಡುವೆ ಕೂದಲು ಹೋಗದಷ್ಟು ಬಿಗಿಯಾಗಿ ಕೂರಿಸಿದ್ದಾರೆ. ಮಾರಾಟದ ಲೆಕ್ಕದಲ್ಲಿ ಇದರಿಂದ ಬೆಲೆ ಇಳಿಯುತ್ತದೆ. ಆದರೂ ಅದನ್ನು ಬದಲಾಯಿಸಬೇಡಿ. ಬೆಡಿಯ ಅರ್ಧ ಚರಿತ್ರೆ ಬರ್ಮಿಂಗ್‌ಹ್ಯಾಮಿನದ್ದಾದರೆ ಇನ್ನರ್ಧ ಇಲ್ಲಿಯದು.

ಪಾಲಿಶ್ ಬೇಡ. ಉಪ್ಪುಕಾಗದ ಹಾಕಿ ಉಜ್ಜಿದರೆ ಆ ಕಂದು ಗೆರೆ ಒಂದೇ ದಿನದಲ್ಲಿ ಹೋಗುತ್ತದೆ, ಗೋಡೆಯೂ ಸವೆಯುತ್ತದೆ. ಕಪ್ಪು ಬಣ್ಣ ಹಾಕಿಸುವುದಂತೂ ಬೇಡವೇ ಬೇಡ. ಕುದಿಯುವ ಕ್ಷಾರದ ನೀರಿನಲ್ಲಿ ಮುಳುಗಿಸುವ ಆ ವಿಧಾನ ಎರಡು ನಳಿಗೆಗಳನ್ನು ಹಿಡಿದಿರುವ ಬೆಸುಗೆಯನ್ನೇ ತಿನ್ನುತ್ತದೆ. ತೆಂಗಿನೆಣ್ಣೆ ಹಚ್ಚುವ ಅಭ್ಯಾಸವನ್ನೂ ಬಿಡಿ. ಅದು ಅಂಟಾಗಿ ಧೂಳು ಹಿಡಿಯುತ್ತದೆ. ಮೆಷಿನ್ ಎಣ್ಣೆಯ ತೆಳುವಾದ ಪಸೆ ಸಾಕು. ಬಟ್ಟೆಯ ಚೀಲದಲ್ಲೋ ಚರ್ಮದ ಕವರಿನಲ್ಲೋ ಇಡಬೇಡಿ, ಅವು ತೇವ ಹಿಡಿದಿಟ್ಟುಕೊಳ್ಳುತ್ತವೆ. ಅಂಗಡಿಯವರಿಗೂ ಇದನ್ನು ಹೇಳಿ. ಮಳೆಗಾಲದಲ್ಲಿ ತಿಂಗಳಿಗೊಮ್ಮೆ ಹೋಗಿ ನೋಡಿ ಬನ್ನಿ.

ಕಾನೂನಿನ ಕೆಲಸ ತಡ ಮಾಡಬೇಡಿ. ಲೈಸೆನ್ಸುದಾರರು ತೀರಿಕೊಂಡ ಮೇಲೆ ವಾರಸುದಾರರು ಲೈಸೆನ್ಸ್ ಕೇಳಲು 2016ರ ಆರ್ಮ್ಸ್ ರೂಲ್ಸಿನಲ್ಲಿ ಅವಕಾಶ ಇದೆ. ಉಳಿದ ವಾರಸುದಾರರ ಒಪ್ಪಿಗೆ ಬೇಕು. ದೊಡ್ಡಪ್ಪನ ಮಕ್ಕಳೊಂದಿಗೆ ಮೊದಲೇ ಕೂತು ಮಾತಾಡಿಕೊಳ್ಳಿ. ‘ನೂರು ವರ್ಷ ಹಳೆಯದು, ಲೈಸೆನ್ಸ್ ಬೇಡ’ ಎಂಬ ಮಾತು ನಂಬಬೇಡಿ. ತೋಟೆ ಹಾರಿಸಬಲ್ಲ ಬೆಡಿಗೆ ವಯಸ್ಸು ಎಷ್ಟಾದರೂ ಲೈಸೆನ್ಸ್ ಬೇಕೇ ಬೇಕು. ಪಕ್ಕದ ಕೊಡಗಿನಲ್ಲಿ ಕೊಡವರಿಗೂ ಜಮ್ಮಾ (ವಂಶಪಾರಂಪರ್ಯದ ಭೂಮಿ) ಹಿಡುವಳಿದಾರರಿಗೂ ಇರುವ ವಿನಾಯಿತಿ ನಮಗಿಲ್ಲ.

ಹಂದಿಯ ಕಾಟ ನನಗೂ ಗೊತ್ತು. ಒಂದೇ ರಾತ್ರಿಯಲ್ಲಿ ಬಾಳೆ, ಮರಗೆಣಸು ಎಲ್ಲ ಬುಡಮೇಲು. ಕೇರಳದಲ್ಲಿ 2022ರಿಂದ ಪಂಚಾಯತು ಅಧ್ಯಕ್ಷರ ಅನುಮತಿಯ ಮೇಲೆ ಲೈಸೆನ್ಸ್ ಇರುವವರು ಬೆಳೆ ಹಾಳುಮಾಡುವ ಹಂದಿಗೆ ಈಡು ಹೊಡೆಯುವ ಏರ್ಪಾಟು ಬಂದಿದೆ. ಅದಕ್ಕೆ ನಿಮ್ಮ ಪಂಚಾಯತಿಗೆ ಅರ್ಜಿ ಕೊಡಿ. ಗಟ್ಟಿ ಉಕ್ಕಿನ ನಳಿಗೆಯ ಬೆಡಿ ಇರುವ ಅನುಭವಸ್ಥರು ಬರಲಿ. ಅಜ್ಜನ ಬೆಡಿಗೆ ಆ ಕೆಲಸ ಹೇಳಬೇಡಿ.

ಇನ್ನೊಮ್ಮೆ ಅಂಗಡಿಗೆ ಹೋದಾಗ ಒಂದು ಉಪಕಾರ ಮಾಡಿ. ಕುದುರೆಯ ಕೆಳಗಿನ ತಗಡನ್ನು ಅಂಗಡಿಯ ಕೆಲಸಗಾರರೇ ಬಿಚ್ಚಲಿ, ನೀವು ಸ್ಕ್ರೂ ಮುಟ್ಟಬೇಡಿ. ಅದರ ಒಳಮೈಯ ಫೋಟೊ ಬೇಕು. ಬರ್ಮಿಂಗ್‌ಹ್ಯಾಮಿನ ಕೆಲಸಗಾರರು ಅಲ್ಲಿ ತಮ್ಮ ಹೆಸರಿನ ಮೊದಲಕ್ಷರ ಹೊಡೆಯುವುದಿತ್ತು. ಟ್ರಿಗ್ಗರಿನ ಕಾವಲು ಕಬ್ಬಿಣದ ಬಾಲದಲ್ಲಿರುವ ನಂಬರನ್ನೂ ತೆಗೆಯಿರಿ. ನಳಿಗೆಯ ನಂಬರೂ ಮುಂದಿನ ಮರದ ಕಬ್ಬಿಣದ ನಂಬರೂ ಒಂದೇ ಇವೆ, ಅದನ್ನು ನೋಡಿದ್ದೇನೆ. ಇದೂ ಸೇರಿದರೆ ಮೂರೂ ಭಾಗ ಹುಟ್ಟಿನಿಂದ ಜೊತೆಗಿದ್ದವು ಎಂದಾಗುತ್ತದೆ. ಆ ಎರಡು ಫೋಟೊ ಬಂದ ಮೇಲೆ ಮಾಡಿದವರ ಹೆಸರು ಹುಡುಕುವ ಕೆಲಸ ಶುರು ಮಾಡುತ್ತೇನೆ.